ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾಮೆರಾ ಕಂಡದ್ದು ಯಾರ ಕೈಯಲ್ಲಿ?

ಕಳೆದ ಸಂಚಿಕೆಯ ಚಿತ್ರ ಪರಿಚಯದಲ್ಲಿ 1998ರಲ್ಲಿ ತೆರೆಕಂಡ ‘ಎನಿಮಿ ಆಫ್ ದಿ ಸ್ಟೇಟ್’ ಎಂಬ ಅಮೆರಿಕದ ಚಿತ್ರದ ಬಗ್ಗೆ ಬರೆದಿದ್ದೆವು. ಟೋನಿ ಸ್ಕಾಟ್ ನಿರ್ದೇಶಿಸಿದ ಈ ಚಿತ್ರದಲ್ಲಿ ವಿಲ್ ಸ್ಮಿತ್ ವಾಷಿಂಗ್ಟನ್ ನಗರದ ಒಬ್ಬ ವಕೀಲ. ಸರ್ಕಾರದ ಕಣ್ಗಾವಲಿನ ಅಧಿಕಾರವನ್ನು ಹಿಗ್ಗಿಸುವ ಮಸೂದೆಗೆ ಅಡ್ಡಬಂದ ಸಂಸದನೊಬ್ಬನನ್ನು ರಾಷ್ಟ್ರೀಯ ಭದ್ರತಾ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬ ಕೊಲ್ಲಿಸುತ್ತಾನೆ. ಹಕ್ಕಿಗಳ ಅಧ್ಯಯನಕ್ಕೆಂದು ಕೆರೆಯ ದಂಡೆಯಲ್ಲಿ ಇಟ್ಟಿದ್ದ ಕ್ಯಾಮೆರಾದಲ್ಲಿ ಆ ಕೊಲೆ ದಾಖಲಾಗುತ್ತದೆ, ಮತ್ತು ಆ ದೃಶ್ಯದ ಪ್ರತಿ ವಕೀಲನಿಗೆ ಗೊತ್ತಿಲ್ಲದಂತೆಯೇ ಅವನ ಚೀಲವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅವನ ನೌಕರಿ, ಸಂಸಾರ, ಬ್ಯಾಂಕ್ ಖಾತೆ ಒಂದೊಂದಾಗಿ ಕೈತಪ್ಪುತ್ತವೆ. ಈ ಬರಹಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರವನ್ನು ದಾಟಿ ನಮ್ಮ ಓಣಿ, ಅಂಗಡಿ, ವಸತಿಗೃಹಗಳ ಕ್ಯಾಮೆರಾಗಳ ಕಡೆಗೆ ಹೊರಳಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ವಿಷಯವೇ ಖಾಸಗಿತನದ್ದಾದ ಕಾರಣ ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಅಂಗಡಿಯ ಕ್ಯಾಮೆರಾದ ದೃಶ್ಯವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ಚೀಲದ ಹಿಂಬದಿಯನ್ನು ನೋಡುವ ಸನ್ನಿವೇಶ ಚಿತ್ರದಲ್ಲಿದೆ. ಓಡುತ್ತಿರುವ ನಾಯಕನನ್ನು ಉಪಗ್ರಹವೊಂದು ಬಿಡದೆ ಹಿಂಬಾಲಿಸುತ್ತದೆ. ಇವು ನಿಜಕ್ಕೂ ಸಾಧ್ಯವೇ? ನನ್ನ ವಿದ್ಯಾರ್ಥಿಗಳು ಸಾಧ್ಯವೆಂದೇ ನಂಬಿದ್ದಾರೆ.
— ಭೌತವಿಜ್ಞಾನ ಉಪನ್ಯಾಸಕರು, ಧಾರವಾಡ

ಉತ್ತರ: ಎರಡೂ ಸಾಧ್ಯವಿಲ್ಲ, ಮತ್ತು ಅದನ್ನು ತೋರಿಸಲು ನಿಮ್ಮ ತರಗತಿಯ ಪಠ್ಯವೇ ಸಾಕು. ಒಂದೇ ಕ್ಯಾಮೆರಾ ಒಂದೇ ಕಡೆಯಿಂದ ತೆಗೆದ ದೃಶ್ಯದಲ್ಲಿ ವಸ್ತುವಿನ ಮುಂಬದಿಯಿಂದ ಬಂದ ಬೆಳಕು ಮಾತ್ರ ದಾಖಲಾಗಿರುತ್ತದೆ. ಹಿಂಬದಿಯ ಬೆಳಕು ಮಸೂರವನ್ನು ತಲುಪಿಯೇ ಇಲ್ಲದಿರುವಾಗ ಯಾವ ಗಣಕಯಂತ್ರವೂ ಅದನ್ನು ಹೊರತೆಗೆಯಲಾರದು. ಇಂದಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಸುಕಾದ ಮುಖವನ್ನು ಸ್ಪಷ್ಟಗೊಳಿಸಿ ಕೊಡುತ್ತವೆಯಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಅವು ಮಾಡುವುದು ಊಹೆ: ಲಕ್ಷಗಟ್ಟಲೆ ಬೇರೆ ಮುಖಗಳಿಂದ ಕಲಿತದ್ದನ್ನು ಆಧರಿಸಿ, ಅಲ್ಲಿ ಇರಬಹುದಾದ ಕಣ್ಣು ಮೂಗುಗಳನ್ನು ಬರೆದು ತುಂಬಿಸುತ್ತವೆ. ಅಂಥ ಚಿತ್ರ ಪೊಲೀಸರ ಕೈಗೆ ಸಾಕ್ಷಿಯಾಗಿ ಹೋದರೆ ಆಗುವ ಅನಾಹುತ, ಸಿನಿಮಾದಲ್ಲಿರುವ ಸುಳ್ಳು ತಂತ್ರಕ್ಕಿಂತ ದೊಡ್ಡದು.

ಉಪಗ್ರಹದ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ಸುಮಾರು 250 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹದ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚು. ಹುಬ್ಬಳ್ಳಿಯಿಂದ ಧಾರವಾಡಕ್ಕಿರುವ ಇಪ್ಪತ್ತು ಕಿಲೋಮೀಟರ್ ದಾರಿಯನ್ನು ಅದು ಮೂರು ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಒಂದು ಊರು ಅದರ ದೃಷ್ಟಿಯಲ್ಲಿರುವುದು ಕೆಲವೇ ನಿಮಿಷ. ಒಂದೇ ಜಾಗದ ಮೇಲೆ ಸ್ಥಿರವಾಗಿ ನಿಂತಂತೆ ಕಾಣುವ ಉಪಗ್ರಹ ಬೇಕೆಂದರೆ ಅದು ಸುಮಾರು 36,000 ಕಿ.ಮೀ. ಎತ್ತರದಲ್ಲಿರಬೇಕು, ಅಲ್ಲಿಂದ ಮನುಷ್ಯ ಕಾಣುವ ಪ್ರಶ್ನೆಯೇ ಇಲ್ಲ. ಇನ್ನು ಸ್ಪಷ್ಟತೆಯ ಮಾತು. ಹಬಲ್ ದೂರದರ್ಶಕದಷ್ಟು ದೊಡ್ಡ, ಅಂದರೆ 2.4 ಮೀಟರ್ ವ್ಯಾಸದ ಕನ್ನಡಿಯನ್ನು 250 ಕಿ.ಮೀ. ಎತ್ತರದಿಂದ ಭೂಮಿಯ ಕಡೆ ತಿರುಗಿಸಿದರೂ, ಬೆಳಕಿನ ವಿವರ್ತನೆಯ (ಅಂಚುಗಳಲ್ಲಿ ಬೆಳಕು ಬಾಗಿ ಹರಡುವ) ನಿಯಮದಂತೆ ಅದು ಬೇರ್ಪಡಿಸಿ ತೋರಿಸಬಲ್ಲ ಕನಿಷ್ಠ ಅಂತರ ಸುಮಾರು 7 ಸೆಂಟಿಮೀಟರ್. ವಾತಾವರಣದ ಕಂಪನ ಅದನ್ನು ಇನ್ನಷ್ಟು ಕೆಡಿಸುತ್ತದೆ. ಕಾರನ್ನು ಗುರುತಿಸಬಹುದು, ಮನುಷ್ಯ ನಿಂತಿದ್ದಾನೆಂದು ಹೇಳಬಹುದು. ಅವನು ಯಾರೆಂದು ಹೇಳಲಾಗದು, ಅದೂ ನೆತ್ತಿಯನ್ನಷ್ಟೇ ನೋಡಿ. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ವಿದ್ಯಾರ್ಥಿಗಳಿಂದಲೇ ಮಾಡಿಸಿ.

ಚಿತ್ರ ಸರಿಯಾಗಿ ತೋರಿಸಿದ ವಸ್ತುವೂ ಒಂದಿದೆ. ಜೀನ್ ಹ್ಯಾಕ್‌ಮನ್ ವಹಿಸಿದ ಪಾತ್ರ ತಾಮ್ರದ ಬಲೆಯಿಂದ ಸುತ್ತುವರಿದ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತದೆ. ಅದು 1836ರಲ್ಲಿ ಮೈಕೆಲ್ ಫ್ಯಾರಡೆ ಪ್ರಯೋಗದಿಂದ ತೋರಿಸಿಕೊಟ್ಟ ಪಂಜರ. ವಿದ್ಯುತ್ಕಾಂತೀಯ ತರಂಗಗಳನ್ನು ಅದು ನಿಜವಾಗಿಯೂ ತಡೆಯುತ್ತದೆ. ಲಿಫ್ಟಿನೊಳಗೆ ಹೋದಾಗ ಮೊಬೈಲ್ ಸಿಗ್ನಲ್ ಕುಸಿಯುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಹಾಗೆಯೇ, ಆ ನಾಯಕನ ಬೂಟು, ಗಡಿಯಾರ, ಪೆನ್ನುಗಳಲ್ಲಿ ಅಡಗಿಸಿಟ್ಟ ಯಂತ್ರಗಳು ಅವನ ಜಾಡನ್ನು ತಿಳಿಸುತ್ತವೆ. ಇಂದು ಆ ಶ್ರಮ ಬೇಕಿಲ್ಲ: ಕಿಸೆಯಲ್ಲಿರುವ ಮೊಬೈಲ್ ಚಾಲೂ ಇರುವಷ್ಟು ಹೊತ್ತೂ ಹತ್ತಿರದ ಟವರುಗಳೊಂದಿಗೆ ಸಂಪರ್ಕದಲ್ಲಿರುತ್ತದೆ, ಮತ್ತು ಯಾವ ಹೊತ್ತಿಗೆ ಯಾವ ಟವರಿನ ವ್ಯಾಪ್ತಿಯಲ್ಲಿತ್ತೆಂಬುದನ್ನು ಕಂಪನಿಯ ದಾಖಲೆಗಳಿಂದ ತಿಳಿಯಬಹುದು.

ಪ್ರಶ್ನೆ: ತಂತ್ರಜ್ಞಾನದ ಮಾತು ಬಿಡಿ. ಸಿನಿಮಾ ಆಗಿ ಅದು ಅಷ್ಟು ಒಳ್ಳೆಯದೇ?
— ಪದವಿ ವಿದ್ಯಾರ್ಥಿ, ಹಾವೇರಿ

ಉತ್ತರ: ಅಷ್ಟೇನೂ ಅಲ್ಲ. ಓಟ ಜಾಸ್ತಿ, ಗುಂಡಿನ ಸದ್ದು ಜಾಸ್ತಿ, ಕೊನೆಯ ಹೊಡೆದಾಟವಂತೂ ಬೇರೆ ಯಾವುದೋ ಚಿತ್ರದಿಂದ ಬಂದಂತಿದೆ. ಇದೇ ವಸ್ತುವಿನ ನಿಜವಾಗಿ ದೊಡ್ಡ ಚಿತ್ರ ಬೇಕೆಂದರೆ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ‘ದಿ ಕಾನ್ವರ್ಸೇಶನ್’ ನೋಡಿ; 1974ರ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಸಂದಿತು. ಅದರಲ್ಲೂ ಹ್ಯಾಕ್‌ಮನ್ ಇದ್ದಾರೆ, ಹಣಕ್ಕಾಗಿ ಇತರರ ಮಾತುಗಳನ್ನು ಕದ್ದು ಧ್ವನಿಮುದ್ರಿಸುವ ಪರಿಣತನ ಪಾತ್ರದಲ್ಲಿ. ಅಲ್ಲಿ ಬೆನ್ನಟ್ಟುವ ಕಾರುಗಳಿಲ್ಲ. ತಾನು ಕೇಳಿಸಿಕೊಂಡ ಮಾತಿನ ಅರ್ಥವನ್ನು ತಾನೇ ತಪ್ಪಾಗಿ ತಿಳಿದ ಮನುಷ್ಯನ ಸಂಕಟವಿದೆ. 1998ರ ಚಿತ್ರದಲ್ಲಿ ಹ್ಯಾಕ್‌ಮನ್ ಪಾತ್ರದ ಹಳೆಯ ಭಾವಚಿತ್ರವೊಂದನ್ನು ತೋರಿಸುತ್ತಾರೆ, ಅದನ್ನು ತೆಗೆದುಕೊಂಡದ್ದು 1974ರ ಈ ಚಿತ್ರದಿಂದಲೇ.

ಪ್ರಶ್ನೆ: ನಮ್ಮದು ಸೀರೆ ಅಂಗಡಿ. ಕ್ಯಾಮೆರಾ ಹಾಕಿಸಿದ ಮೇಲೆ ಕಳ್ಳತನ ನಿಂತಿದೆ, ಗಿರಾಕಿಗಳ ಜೊತೆಗಿನ ತಕರಾರೂ ಕಡಿಮೆಯಾಗಿದೆ. ತಪ್ಪು ಮಾಡದವನಿಗೆ ಕ್ಯಾಮೆರಾದ ಭಯವೇಕೆ? ನೀವು ಬರೆದದ್ದು ಓದುಗರನ್ನು ಸುಮ್ಮನೆ ಹೆದರಿಸುವಂತಿದೆ.
— ವ್ಯಾಪಾರಸ್ಥರು, ದುರ್ಗದಬೈಲ್, ಹುಬ್ಬಳ್ಳಿ

ಉತ್ತರ: ಅಂಗಡಿಯಲ್ಲಿ ಕ್ಯಾಮೆರಾ ಇರಬಾರದೆಂದು ನಾವು ಬರೆದಿಲ್ಲ. ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಲೇಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯೇ ಹೇಳುತ್ತದೆ. ಆದರೆ ‘ತಪ್ಪು ಮಾಡದವನಿಗೆ ಭಯವೇಕೆ’ ಎಂಬ ನಿಮ್ಮ ಮಾತನ್ನು ಒಪ್ಪಲಾಗದು, ಮತ್ತು ಈ ವಿಷಯದಲ್ಲಿ ಆ ಚಿತ್ರ ನಮಗೆ ಬಹಳ ಹತ್ತಿರವಾಗಿದೆ.

ಅದರ ನಾಯಕ ಯಾವ ಅಪರಾಧವನ್ನೂ ಮಾಡಿದವನಲ್ಲ. ಅವನು ಹೆಂಡತಿಗೆ ಉಡುಗೊರೆ ಕೊಳ್ಳಲು ಅಂಗಡಿಗೆ ಹೋಗಿದ್ದ, ಅಷ್ಟೆ. ಅವನನ್ನು ಕೆಡವಲು ಬಳಸಿದ ಮಾಹಿತಿಯಲ್ಲಿ ಬಹುಪಾಲು ಹೊಸದಾಗಿ ಸೃಷ್ಟಿಸಿದ್ದೂ ಅಲ್ಲ. ಹಿಂದೊಮ್ಮೆ ಪ್ರೀತಿಸಿದ್ದ ಹೆಂಗಸನ್ನು ಅವನು ವೃತ್ತಿಯ ಕೆಲಸಕ್ಕಾಗಿ ಆಗಾಗ ಭೇಟಿಯಾಗುತ್ತಿದ್ದುದು ನಿಜ. ಅದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ ಎಂಬುದೂ ನಿಜ. ಈ ಎರಡು ನಿಜಗಳನ್ನು ಬೇಕಾದ ಕೋನದಲ್ಲಿ ಜೋಡಿಸಿ, ಬೇಕಾದವರ ಕಿವಿಗೆ ಹಾಕಿದರೆ ಸಾಕಾಯಿತು: ಕಚೇರಿಯವರು ಕೆಲಸದಿಂದ ತೆಗೆದರು, ಹೆಂಡತಿ ಮನೆಯಿಂದ ಹೊರಗೆ ಹಾಕಿದಳು. ತಪ್ಪು ಮಾಡಿದ್ದೀರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ನೀವಲ್ಲ, ನಿಮ್ಮ ದಾಖಲೆ ಯಾರ ಕೈಯಲ್ಲಿದೆಯೋ ಅವರು ಎಂಬುದೇ ಅಲ್ಲಿನ ತೊಡಕು. ಕ್ಯಾಮೆರಾ ನೋಡುವುದಕ್ಕಿಂತ, ನೋಡಿದ್ದನ್ನು ಯಾರು, ಎಷ್ಟು ದಿನ, ಯಾವ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಕೇಳಬೇಕೆಂದು ನಾವು ಬರೆದದ್ದು ಈ ಕಾರಣಕ್ಕಾಗಿಯೇ.

ಈಗ ನಿಮ್ಮ ಅಂಗಡಿಯನ್ನೇ ನೋಡೋಣ. ಗಲ್ಲಾದ ಮೇಲೆ ನೇರವಾಗಿ ಕೂಡಿಸಿದ ಕ್ಯಾಮೆರಾ ನಿಮ್ಮ ಹುಡುಗರ ಕೈಯನ್ನು ಮಾತ್ರ ನೋಡುವುದಿಲ್ಲ. ಗಿರಾಕಿ ಮೊಬೈಲ್ ಹೊರತೆಗೆದು ಯುಪಿಐ ಪಿನ್ ಒತ್ತುವ ಬೆರಳುಗಳನ್ನೂ, ಕಾರ್ಡ್ ಯಂತ್ರದ ಮೇಲೆ ಒತ್ತುವ ನಾಲ್ಕು ಅಂಕಿಗಳನ್ನೂ ಅದು ದಾಖಲಿಸಿಕೊಳ್ಳುತ್ತದೆ. ಅದನ್ನು ಒಂದಿಷ್ಟು ಓರೆ ಮಾಡಿಸಿದರೆ ಗಲ್ಲಾ ಕಾಣುತ್ತದೆ, ಪಿನ್ ಕಾಣುವುದಿಲ್ಲ. ರವಿಕೆಯ ಅಳತೆ ಕೊಡುವ ಜಾಗ, ಸೀರೆ ಉಟ್ಟು ನೋಡುವ ಕೋಣೆಯ ಬಾಗಿಲು, ಎದುರು ಮನೆಯ ಪಡಸಾಲೆ ನಿಮ್ಮ ಕ್ಯಾಮೆರಾದ ಚೌಕಟ್ಟಿನಲ್ಲಿ ಬರುತ್ತವೆಯೇ ಎಂದು ಒಮ್ಮೆ ಪರದೆಯ ಮುಂದೆ ಕೂತು ನೋಡಿ. ಬಂದರೆ ಇವತ್ತೇ ತಿರುಗಿಸಿ.

ಎರಡನೆಯದು ಪಾಸ್‌ವರ್ಡ್. ಕ್ಯಾಮೆರಾ ಕೂಡಿಸಲು ಬಂದ ಹುಡುಗ ತನ್ನ ಮೊಬೈಲಿನಲ್ಲಿಯೇ ಆ್ಯಪ್ ಹಾಕಿಕೊಂಡು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡಿನಿಂದಲೇ ಚಾಲೂ ಮಾಡಿ, ನಿಮ್ಮ ಮೊಬೈಲಿಗೂ ಅದನ್ನೇ ಕೊಟ್ಟು ಹೋಗಿರುತ್ತಾನೆ. ಬಹಳಷ್ಟು ಅಂಗಡಿಗಳಲ್ಲಿ ಅದು ಇಂದಿಗೂ ಬದಲಾಗಿರುವುದಿಲ್ಲ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂಥ ಬದಲಾಗದ ಪಾಸ್‌ವರ್ಡುಗಳ ಮೂಲಕವೇ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳನ್ನು ವಶಪಡಿಸಿಕೊಂಡಿತು. ಆ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಅನೇಕ ದೊಡ್ಡ ಜಾಲತಾಣಗಳು ಕೆಲವು ಗಂಟೆ ಸ್ತಬ್ಧವಾದದ್ದು ಅವುಗಳ ದಾಳಿಯಿಂದ. ಕಳ್ಳನನ್ನು ಕಾಯಲು ಇಟ್ಟ ಪೆಟ್ಟಿಗೆಯ ಕೀಲಿಕೈಯನ್ನು ಊರಿಗೆಲ್ಲ ಹಂಚಿದಂತಾಗಬಾರದು.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ, ವಯಸ್ಸು ಇಪ್ಪತ್ತೆರಡು. ನಾವಿರುವ ಪಿ.ಜಿ.ಯ ಮಾಲೀಕರು ಹೊಸ್ತಿಲಿಗೂ ಮೊಗಸಾಲೆಗೂ ಕ್ಯಾಮೆರಾ ಹಾಕಿಸಿ, ಮನೆಯಲ್ಲಿ ಕೂತೇ ಮೊಬೈಲಿನಲ್ಲಿ ನೋಡುತ್ತಾರೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ಗಾಡಿಯ ಮೇಲೆ ಬಂದರು ಎಂಬುದನ್ನು ತುಣುಕು ಸಮೇತ ನಮ್ಮ ಮನೆಯವರಿಗೆ ಕಳಿಸುತ್ತಾರೆ. ಕೇಳಿದರೆ ನಿಮ್ಮ ಸುರಕ್ಷತೆಗಾಗಿ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಾಗಿಲಿಗೆ ಕ್ಯಾಮೆರಾ ಹಾಕುವುದು ತಪ್ಪಲ್ಲ. ಆದರೆ ಸುರಕ್ಷತೆಯ ಹೆಸರಿನಲ್ಲಿ ಪಡೆದದ್ದನ್ನು ಚಾಡಿಗೆ ಬಳಸುವುದು ಬೇರೆಯೇ ಮಾತು, ಅದನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ.

ಖಾಸಗಿತನ ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 1962ರ ಖರಕ್ ಸಿಂಗ್ ಪ್ರಕರಣದಲ್ಲಿ, ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ತಟ್ಟುವುದನ್ನು ಇದೇ ನ್ಯಾಯಾಲಯ ತಡೆದಿದ್ದರೂ, ಖಾಸಗಿತನ ಹಕ್ಕಲ್ಲ ಎಂದು ಹೇಳಿತ್ತು. 2017ರ ತೀರ್ಪು ಆ ಮಾತನ್ನು ಅಳಿಸಿತು. ಆದರೆ ಮೂಲಭೂತ ಹಕ್ಕಿನ ತೀರ್ಪು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ನಿಮ್ಮ ಎದುರಿಗಿರುವವರು ಖಾಸಗಿ ಮಾಲೀಕರು.

ಅವರಿಗೆ ಅನ್ವಯಿಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಮನೆಯ ಸ್ವಂತ ಬಳಕೆಗೆ ಅದರಲ್ಲಿ ವಿನಾಯಿತಿ ಇದೆಯಾದರೂ, ಬಾಡಿಗೆ ಪಡೆದು ನಡೆಸುವ ಪಿ.ಜಿ. ಸ್ವಂತ ಬಳಕೆಯಾಗದು. ಯಾವ ಉದ್ದೇಶಕ್ಕೆ ಮಾಹಿತಿ ಪಡೆದರೋ ಅದಕ್ಕೇ ಬಳಸಬೇಕೆಂಬುದು ಆ ಕಾಯ್ದೆಯ ಬೆನ್ನೆಲುಬು. ಹದಿನೆಂಟು ದಾಟಿದವರ ಪರವಾಗಿ ತಂದೆತಾಯಿ ಒಪ್ಪಿಗೆ ಕೊಡುವ ಮಾತು ಅದರಲ್ಲಿಲ್ಲ. ತೊಂದರೆ ಏನೆಂದರೆ, ಅದರ ನಿಯಮಗಳು 2025ರ ನವೆಂಬರಿನಲ್ಲಷ್ಟೇ ಪ್ರಕಟವಾಗಿವೆ ಮತ್ತು ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದಕ್ಕೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಕೊಡಲಾಗಿದೆ. ಸ್ನಾನದ ಮನೆ, ಬಟ್ಟೆ ಬದಲಿಸುವ ಜಾಗದತ್ತ ಕ್ಯಾಮೆರಾ ಇದ್ದರೆ ಮಾತ್ರ ಕಾಯಬೇಕಿಲ್ಲ: ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಎರಡೂ ಇವೆ, ನೇರ ಪೊಲೀಸ್ ಠಾಣೆಗೆ ಹೋಗಬಹುದು.

ಸದ್ಯಕ್ಕೆ ನಮ್ಮ ಸಲಹೆ ಹೀಗಿದೆ. ಒಬ್ಬರೇ ಹೋಗಿ ಜಗಳವಾಡಬೇಡಿ. ಅಲ್ಲಿರುವ ಎಲ್ಲರೂ ಸಹಿ ಮಾಡಿ ಒಂದು ಪತ್ರ ಕೊಡಿ: ಕ್ಯಾಮೆರಾಗಳು ಎಲ್ಲೆಲ್ಲಿವೆ, ದೃಶ್ಯ ಯಾರ ಯಾರ ಮೊಬೈಲಿನಲ್ಲಿ ತೆರೆಯುತ್ತದೆ, ಎಷ್ಟು ದಿನ ಉಳಿಯುತ್ತದೆ, ಹೊರಗಿನವರಿಗೆ ಯಾವಾಗ ಕೊಡುತ್ತೀರಿ ಎಂದು ಬರಹದಲ್ಲಿ ಕೇಳಿ. ಮಾಲೀಕರ ಮಗನೋ ಅಳಿಯನೋ ಕೂಡ ಅದನ್ನು ನೋಡುತ್ತಾನೆಂಬುದು ಇಂಥ ಪ್ರಶ್ನೆಗಳಿಂದ ಹೊರಬಿದ್ದರೆ, ಸುರಕ್ಷತೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಊರಲ್ಲಿರುವ ನಿಮ್ಮ ಅಪ್ಪ ಅವ್ವನಿಗೂ ಇದನ್ನೇ ತಿಳಿಸಿ ಹೇಳಿ; ಮಗಳ ದೃಶ್ಯ ಅಪರಿಚಿತನ ಮೊಬೈಲಿನಲ್ಲಿ ಉಳಿದಿದೆ ಎಂಬುದು ಅರ್ಥವಾದರೆ ಅವರೇ ಮಾಲೀಕರನ್ನು ಕೇಳುವ ಸಂಭವ ಹೆಚ್ಚು.

ಪ್ರಶ್ನೆ: ಸಿನಿಮಾದ ಕಥೆ ಅಮೆರಿಕದ್ದು. ನಮ್ಮಲ್ಲಿ ಸರ್ಕಾರ ಕದ್ದು ಕೇಳಿದ್ದಕ್ಕೆ ಯಾರಾದರೂ ಬೆಲೆ ತೆತ್ತಿದ್ದಾರೆಯೇ?
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ತಮ್ಮ ವಯಸ್ಸಿನವರಿಗೆ ಮರೆತಿರಲಾರದು. ದೂರವಾಣಿ ಕದ್ದಾಲಿಕೆಯ ಆರೋಪ ಎದ್ದಾಗ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದವರು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿದ್ದ ಎಸ್.ಆರ್. ಬೊಮ್ಮಾಯಿಯವರು. ಅಂದು ಕದ್ದಾಲಿಕೆಗೆ ಆಧಾರವಾಗಿದ್ದ ಕಾನೂನು 1885ರ ತಂತಿ ಕಾಯ್ದೆಯ 5(2)ನೇ ಕಲಂ. ಅದರಲ್ಲಿ ಅಧಿಕಾರವಿತ್ತು, ವಿಧಿವಿಧಾನ ಇರಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಆ ಕೊರತೆಯನ್ನು ತುಂಬಿತು: ಆದೇಶ ಗೃಹ ಕಾರ್ಯದರ್ಶಿಯದೇ ಆಗಿರಬೇಕು, ಅದು ಎರಡು ತಿಂಗಳಿಗೆ ತೀರಬೇಕು, ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಆ ಸಮಿತಿಯಲ್ಲಿ ನ್ಯಾಯಾಧೀಶರಿಲ್ಲ, ಅಧಿಕಾರಿಗಳೇ ಇದ್ದಾರೆ. ಕದ್ದಾಲಿಕೆಗೆ ಒಳಗಾದವನಿಗೆ ಕೆಲಸ ಮುಗಿದ ಮೇಲಾದರೂ ತಿಳಿಸುವ ಕ್ರಮವೂ ಇಲ್ಲ. ನಮ್ಮ ದೃಷ್ಟಿಯಲ್ಲಿ ಅದೇ ಇಂದಿಗೂ ಉಳಿದ ದೊಡ್ಡ ದೋಷ. ತಂತಿ ಕಾಯ್ದೆಯ ಸ್ಥಾನಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದರೂ ಈ ಅಂಶ ಬದಲಾಗಲಿಲ್ಲ.

ಅಮೆರಿಕದ ಮಾತಿಗೆ ಬಂದರೆ, ಚಿತ್ರದ ಕಥೆಯಲ್ಲಿ ಆ ಮಸೂದೆ ಕೊನೆಗೆ ಬಿದ್ದುಹೋಗುತ್ತದೆ. ನಿಜಜೀವನದಲ್ಲಿ ಅಂಥದೇ ಅಧಿಕಾರಗಳನ್ನು ಕೊಟ್ಟ ಪೇಟ್ರಿಯಟ್ ಕಾಯ್ದೆ ಮೂರೇ ವರ್ಷಗಳಲ್ಲಿ, 2001ರ ಅಕ್ಟೋಬರಿನಲ್ಲಿ, ಸೆಪ್ಟೆಂಬರ್ ದಾಳಿಯ ಬೆನ್ನಿಗೇ ಅಂಗೀಕಾರವಾಯಿತು. ಕೋಟ್ಯಂತರ ಜನಸಾಮಾನ್ಯರ ಕರೆಗಳ ವಿವರವನ್ನು ಅದೇ ರಾಷ್ಟ್ರೀಯ ಭದ್ರತಾ ಸಂಸ್ಥೆ ಒಟ್ಟುಗೂಡಿಸುತ್ತಿದೆ ಎಂಬುದು ಅಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ದಾಖಲೆಗಳಿಂದ 2013ರ ಜೂನಿನಲ್ಲಿ ಜಗತ್ತಿಗೆ ತಿಳಿಯಿತು. ಕಥೆಗಾರರು ಒಬ್ಬ ಕೆಟ್ಟ ಅಧಿಕಾರಿಯನ್ನು ಕಲ್ಪಿಸಿಕೊಂಡಿದ್ದರು. ವಾಸ್ತವದಲ್ಲಿ ಕೆಟ್ಟವರು ಬೇಕಾಗಲಿಲ್ಲ, ನಿತ್ಯದ ಕಚೇರಿ ಕೆಲಸದಂತೆಯೇ ಅದು ನಡೆದಿತ್ತು.

ಪ್ರಶ್ನೆ: ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ನನ್ನ ಮೊಬೈಲ್ ಕಳುವಾಯಿತು. ಕ್ಯಾಮೆರಾ ಇರುವಾಗ ಆ ದೃಶ್ಯವನ್ನು ನಾನು ಕೇಳಿ ಪಡೆಯಬಹುದೇ? ಪೊಲೀಸ್ ಠಾಣೆಯ ಕ್ಯಾಮೆರಾದ ದೃಶ್ಯವನ್ನೂ ಕೇಳಬಹುದೇ?
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಮೊದಲು ಠಾಣೆಯಲ್ಲಿ ದೂರು ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಪ್ರಕಾರ ದೃಶ್ಯವನ್ನು ತರಿಸಿಕೊಳ್ಳುವ ಅಧಿಕಾರ ತನಿಖಾಧಿಕಾರಿಗೆ ಇದೆ. ನೀವೇ ಪಡೆಯಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಶುಲ್ಕ ಹತ್ತು ರೂಪಾಯಿ, ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇಲ್ಲಿ ಒಂದು ತೊಡಕಿದೆ. ಉತ್ತರ ಕೊಡಲು ಅಧಿಕಾರಿಗೆ 30 ದಿನಗಳ ಅವಕಾಶವಿದೆ, ಆದರೆ ರೆಕಾರ್ಡರಿನ ಹಾರ್ಡ್ ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯದ ಮೇಲೆಯೇ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ. ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಕೇಳಿದ್ದು ಅಳಿಸಿಹೋಗಿರಬಹುದು. ಇತರ ಪ್ರಯಾಣಿಕರ ಮುಖಗಳೂ ಇವೆ ಎಂಬ ಕಾರಣ ಕೊಟ್ಟು ನಿರಾಕರಿಸುವುದಕ್ಕೂ ಅವಕಾಶವಿದೆ. ಜನರ ಖಾಸಗಿತನಕ್ಕೆಂದು ಬಂದ ದತ್ತಾಂಶ ಕಾಯ್ದೆಯೇ ವೈಯಕ್ತಿಕ ಮಾಹಿತಿಯ ಕುರಿತಾದ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ ನಿರಾಕರಣೆಯ ದಾರಿಯನ್ನು ಅಗಲ ಮಾಡಿರುವುದು ನಮಗೆ ಒಪ್ಪಿಗೆಯಾಗದ ಸಂಗತಿ.

ಠಾಣೆಯ ವಿಷಯ ಬೇರೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಶದ ಪ್ರತಿಯೊಂದು ಠಾಣೆಯ ಬಾಗಿಲು, ಬಂದೀಖಾನೆ, ಮೊಗಸಾಲೆಗಳಲ್ಲಿ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾ ಇರಬೇಕು, ಅದರ ದಾಖಲೆಯನ್ನು 18 ತಿಂಗಳು ಕಾಪಾಡಬೇಕು ಎಂದು ಆದೇಶಿಸಿತು. ಠಾಣೆಯಲ್ಲಿ ಹಲ್ಲೆಯಂಥ ದೂರಿದ್ದರೆ ಆ ದೃಶ್ಯ ಕೇಳಲು ಇದು ಗಟ್ಟಿಯಾದ ಆಧಾರ, ಮತ್ತು ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳೊಳಗೆ ಕೊಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯಲ್ಲಿದೆ. ನಿಮ್ಮ ಮೊಬೈಲ್ ಪ್ರಕರಣಕ್ಕೆ ಮಾತ್ರ ತಡಮಾಡದೆ ಬಸ್ ನಿಲ್ದಾಣ ನೋಡಿಕೊಳ್ಳುವ ಸಂಸ್ಥೆಗೆ ಒಂದು ಪತ್ರ ಬರೆಯಿರಿ: ನಿಲ್ದಾಣದ ಹೆಸರು, ದಿನಾಂಕ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಹುಬ್ಬಳ್ಳಿಯ ಕಡೆಯ ಬಾಗಿಲೋ ಧಾರವಾಡದ ಕಡೆಯ ಬಾಗಿಲೋ ಎಂಬುದನ್ನು ನಮೂದಿಸಿ, ದೂರಿನ ಪ್ರತಿ ಲಗತ್ತಿಸಿ, ‘ತನಿಖೆ ಮುಗಿಯುವವರೆಗೆ ಈ ದೃಶ್ಯವನ್ನು ಅಳಿಸದೆ ಕಾದಿರಿಸಬೇಕು’ ಎಂಬ ಒಂದು ಸಾಲು ಸೇರಿಸಿ. ಪತ್ರ ತಲುಪಿದ್ದಕ್ಕೆ ಸಹಿ, ಮೊಹರು ಹಾಕಿಸಿಕೊಂಡೇ ಬನ್ನಿ.